ಲೀವಾ, ಕ್ಯಾನ್ಸಲ್ಲಾ?

ಸೈದಲವಿ ಕಿಟಕಿ ಪಕ್ಕದ ಸೀಟೇ ಬೇಕೆಂದು ಹಟ ಹಿಡಿದದ್ದು ಮೋಡ ನೋಡುವುದಕ್ಕಲ್ಲ. ಅಕಸ್ಮಾತ್ ನಿದ್ದೆ ಬಂದರೆ ಬಾಯಿ ಗೋಡೆಯ ಕಡೆಗಿರಲಿ ಎಂದು. ಅವನಿಗೆ ನಿದ್ದೆಯಲ್ಲಿ ಮಾತಾಡುವ ರೋಗವಿತ್ತು. ಸುಮ್ಮನೆ ಗೊಣಗುವ ಜಾತಿಯದಲ್ಲ. ಪಕ್ಕದಲ್ಲಿದ್ದವರು ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತಿದ್ದ, ಅದೂ ಸತ್ಯವಾದ ಉತ್ತರ. ಶಾರ್ಜಾದ ಕೋಣೆಯಲ್ಲಿ ಜತೆಗಿದ್ದ ಐದು ಜನ ಟೀವಿ ಕೆಟ್ಟ ದಿನ ಅವನನ್ನೇ ಕೇಳಿಸಿಕೊಂಡು ಕಾಲ ಕಳೆಯುತ್ತಿದ್ದರು.

ಈ ಸಲ ಅವನ ಹೊಟ್ಟೆಯಲ್ಲಿ ಇದ್ದದ್ದು ಒಂದೇ ಸತ್ಯ. ಟೈಲ್ಸ್ ಗೋದಾಮಿನ ಹದಿನಾಲ್ಕು ವರ್ಷದ ಕೆಲಸ ಹೋಗಿತ್ತು, ವೀಸಾ ಕ್ಯಾನ್ಸಲ್ ಆಗಿತ್ತು. ಮಲಪ್ಪುರಂ ಸೀಮೆಯಲ್ಲಿ ಗಲ್ಫಿನಿಂದ ಬಂದವನನ್ನು ಯಾರೂ ಮೊದಲು ಕ್ಷೇಮ ಕೇಳುವುದಿಲ್ಲ. "ಲೀವಾ, ಕ್ಯಾನ್ಸಲ್ಲಾ?" ಎಂದೇ ಕೇಳುತ್ತಾರೆ. ಲೀವ್ ಎಂದರೆ ಕೂರಲು ಕುರ್ಚಿ ಬರುತ್ತದೆ. ಕ್ಯಾನ್ಸಲ್ ಎಂದರೆ ಕೇಳಿದವರಿಗೆ ತಟ್ಟನೆ ಏನೋ ಕೆಲಸ ನೆನಪಾಗುತ್ತದೆ.

ಬರುವ ಭಾನುವಾರ ತಂಗಿ ರಂಸೀನಳ ನಿಶ್ಚಯ. "ಹುಡುಗಿಯ ಅಣ್ಣ ಗಲ್ಫಿನಲ್ಲಿ" ಎನ್ನುವ ಒಂದೇ ಮಾತಿನ ಮೇಲೆ ನಿಂತ ಸಂಬಂಧ ಅದು. ಅದಕ್ಕೂ ಮೊದಲು ಎರಡು ಸಂಬಂಧ ಬಂದು ಬಿರಿಯಾನಿ ತಿಂದು ಹೋಗಿದ್ದವು, ತಿರುಗಿ ಬಂದಿರಲಿಲ್ಲ. ಆ ಹುಡುಗಿ ಈಗ ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದಾಳೆ ಎಂದು ಹೆಂಡತಿ ಹಫ್ಸತ್ ಫೋನಿನಲ್ಲಿ ಹೇಳಿದ್ದಳು. ಭಾನುವಾರದ ತನಕ ತುಟಿ ಬಿಚ್ಚಬಾರದು, ಆಮೇಲೆ ಹಫ್ಸತ್‌ಗೆ ತಾನೇ ಮೆಲ್ಲಗೆ ಹೇಳಬೇಕು ಎಂದು ಅವನು ನಿರ್ಧರಿಸಿದ್ದ. ಅದಕ್ಕಾಗಿ ಹದಿನಾಲ್ಕು ವರ್ಷ ತನಗೆ ಅನ್ನ ಬೇಯಿಸಿ ಕೊಟ್ಟ ಕುಕ್ಕರನ್ನೂ ಕೋಣೆಯಲ್ಲೇ ಬಿಟ್ಟುಬಂದಿದ್ದ. ರಜೆಯ ಮೇಲೆ ಬರುವವನು ಹಳೆ ಕುಕ್ಕರ್ ಹೊತ್ತು ತರುತ್ತಾನೆಯೇ?

ಚಿಂತೆಯಲ್ಲಿ ಮೂರು ದಿನ ಕಣ್ಣು ಮುಚ್ಚಿರಲಿಲ್ಲ. ಬೆಳಗಿನ ವಿಮಾನ ಹತ್ತಿ, ಬೆಲ್ಟ್ ಬಿಗಿದು, ಹಣೆಯನ್ನು ಕಿಟಕಿಗೆ ಒತ್ತಿದನೋ ಇಲ್ಲವೋ, ಪಕ್ಕದಿಂದ ಅವನ ಮೊಣಕೈಯನ್ನು ಯಾರೋ ತಟ್ಟಿದರು.

"ಮೋನೇ, ನಂಗೆ ಆ ಕಿಟಕಿ ಕೊಡ್ತೀಯಾ? ಬರುವಾಗ ಕತ್ತಲು, ಸಮುದ್ರಾನೇ ಕಾಣ್ಲಿಲ್ಲ."

ಮಗಳ ಬಾಣಂತನಕ್ಕೆ ಹೋಗಿ ಮರಳುತ್ತಿದ್ದ ಮುದುಕಿ, ಬೀಯುಮ್ಮ. ಮಗನೇ ಎಂದು ಕರೆದ ಆ ಮುಖ ಥೇಟ್ ಸೈದಲವಿಯ ತಾಯಿಯದೇ. ಇಲ್ಲ ಎನ್ನಲು ಬಾಯಿ ತೆರೆದ ಅವನಿಗೆ "ಅದಕ್ಕೇನು ಉಮ್ಮಾ, ಬನ್ನಿ" ಎಂದು ಹೇಳಿದ್ದು ತನ್ನ ಕಿವಿಗೆ ಬಿದ್ದಾಗಲೇ ಗೊತ್ತಾಯಿತು. ಬೀಯುಮ್ಮ ಕಿಟಕಿಯ ಬಳಿ ಕೂತು, ವಿಮಾನ ನೆಲ ಬಿಟ್ಟ ಕೂಡಲೇ "ಯಾ ಅಲ್ಲಾ, ಎಷ್ಟು ಕೆಳಗಿದೆ!" ಎಂದು ಕಿಟಕಿಯ ಪರದೆಯನ್ನು ಎಳೆದುಬಿಟ್ಟರು. ಇಳಿಯುವ ತನಕ ಅದನ್ನು ಮತ್ತೆ ಎತ್ತಲಿಲ್ಲ. ಸಮುದ್ರವೂ ಇಲ್ಲ, ಗೋಡೆಯೂ ಇಲ್ಲ, ಸೈದಲವಿ ನಡುವಿನ ಸೀಟಿಗೆ ಬಿದ್ದ.

ಇನ್ನೊಂದು ಬದಿಗೆ, ಓಡಾಡುವ ದಾರಿಯ ಪಕ್ಕದಲ್ಲಿ ಬಾಪ್ಪುಟ್ಟಿ. ಐವತ್ತು ದಾಟಿದ, ಎರಡು ಸೀಟಿಗಾಗುವಷ್ಟು ಮೈಯ ಮನುಷ್ಯ. ಬೂಟು ಕಳಚಿ, ಕಾಲುಚೀಲಗಳನ್ನು ಮುಂದಿನ ಸೀಟಿನ ಜೇಬಿಗೆ ತುರುಕಿ, ಸೀಟುಗಳ ನಡುವೆ ಕೈಯಿಡುವ ಪಟ್ಟಿಯನ್ನು ಪೂರ್ತಿಯಾಗಿ ಆಕ್ರಮಿಸಿ, ಮೊಣಕೈಯನ್ನು ಸೈದಲವಿಯ ಪಕ್ಕೆಗೆ ಊರಿದ. ಪಕ್ಕೆ ತನ್ನದೇ ಎನ್ನುವಷ್ಟು ನಿರಾಳವಾಗಿ ಊರಿದ. ಸೈದಲವಿ ಕೈಗಳನ್ನು ಮಡಿಲಲ್ಲಿ ಮಡಚಿಕೊಂಡು ಮದುಮಗಳಂತೆ ಕೂತ.

"ಎಲ್ಲಾಯ್ತು ಮನೆ?" ಬಾಪ್ಪುಟ್ಟಿ ಶುರುಮಾಡಿದ.

"ವೇಂಗರ."

"ಲೀವಾ, ಕ್ಯಾನ್ಸಲ್ಲಾ?"

"ಲೀವು! ಲೀವು ಇಕ್ಕಾ! ಇಪ್ಪತ್ತೈದು ದಿನ. ತಂಗಿ ನಿಶ್ಚಯ."

ಒಂದು ಸಲ ಹೇಳಿದ್ದರೆ ಸಾಕಿತ್ತು. ಎರಡು ಸಲ ಹೇಳಿದ್ದಕ್ಕೆ ಹಿಂದಿನ ಸಾಲಿನವರೂ ಕಿವಿ ನಿಮಿರಿಸಿದರು.

"ಹುಡುಗ ಯಾರ ಪೈಕಿ?"

"ಚೆಮ್ಮಾಡಿನ ಆಲಿ ಹಾಜಿಯವರ ಮಗ."

ಬಾಪ್ಪುಟ್ಟಿ ಸೈದಲವಿಯ ತೊಡೆಗೆ ಫಟ್ಟನೆ ಹೊಡೆದ. "ಆಲಿ ಹಾಜಿ! ಅಲ್ವೋ, ಅವ್ನು ನನ್ ದೊಡ್ಡಪ್ಪನ ಮಗ! ಭಾನುವಾರ ನಿಮ್ಮನೆಗೆ ಬರೋರಲ್ಲಿ ನಾನೂ ಒಬ್ಬ! ಇವತ್ತು ಅವ್ನೇ ಕಾರ್ ತಗೊಂಡು ಕರಿಪ್ಪೂರು ಏರ್‌ಪೋರ್ಟಿಗೆ ಬರ್ತಿದಾನೆ, ನನ್ನ ಕರ್ಕೊಂಡು ಹೋಗೋಕೆ!"

ಸೈದಲವಿಗೆ ವಿಮಾನ ಒಮ್ಮೆಗೇ ಸಾವಿರ ಅಡಿ ಕುಸಿದಂತಾಯಿತು. ಗ್ರಹಚಾರ ನೋಡಿ. ನೂರ ಎಂಬತ್ತು ಸೀಟಿನ ವಿಮಾನದಲ್ಲಿ ಬೀಗರ ಪಕ್ಕದಲ್ಲೇ ಅವನು ಬಂದು ಕೂತಿದ್ದ, ನಿದ್ದೆಗಣ್ಣಿನಲ್ಲಿ, ಬಾಯಿಗೆ ಬೀಗವಿಲ್ಲದೆ.

ಬಾಪ್ಪುಟ್ಟಿಯದು ಇಷ್ಟಕ್ಕೇ ಮುಗಿಯಲಿಲ್ಲ. ಸಂಬಂಧ ಗಟ್ಟಿಯಾದ ಮೇಲೆ ಸಂಕೋಚವೇನು? ಜೇಬಿನಿಂದ ತನ್ನ ಸ್ವಂತ ಅಳಿಯನ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದ. "ಹುಡ್ಗ ಬಂಗಾರ. ನಿನ್ನ ಕಂಪನೀಲಿ ಒಂದು ವೀಸಾ ಮಾಡಿಸ್ಕೊಡು. ನೀನು ಒಂದು ಮಾತು ಹೇಳಿದ್ರೆ ನಡೆಯಲ್ವಾ?"

"ನಡೆಯುತ್ತೆ... ನಡೆಯುತ್ತೆ ಇಕ್ಕಾ," ಎಂದ ಸೈದಲವಿ. ಆ ಕಂಪನಿಯ ಬಾಗಿಲಿಗೆ ಬೀಗ ಜಡಿದು ಹದಿನೆಂಟು ದಿನವಾಗಿತ್ತು. ಬಾಪ್ಪುಟ್ಟಿ ಫೋಟೋವನ್ನು ಅವನ ಅಂಗಿಯ ಜೇಬಿಗೆ ತಾನೇ ಇಳಿಬಿಟ್ಟು, ಮೇಲಿಂದ ಎರಡು ಸಲ ತಟ್ಟಿದ. ಯಾರದೋ ಹುಡುಗ ಎದೆಯ ಮೇಲೆ ಕೂತು ನಗುತ್ತಿದ್ದಾನೆ ಎನ್ನಿಸಿ ಸೈದಲವಿಗೆ ಉಸಿರು ಭಾರವಾಯಿತು.

ಇನ್ನು ಉಳಿದದ್ದು ಎಚ್ಚರವಾಗಿರುವುದು. ಮೊದಲು ತೊಡೆ ಚಿವುಟಿಕೊಂಡ. ಇಕ್ಕಟ್ಟಿನಲ್ಲಿ ಚಿವುಟಿದ್ದು ಬಾಪ್ಪುಟ್ಟಿಯ ತೊಡೆ. "ಏನೋ?" ಎಂದ ಅವನು. "ಬೆಲ್ಟ್ ಹುಡುಕ್ತಿದ್ದೆ," ಎಂದ ಇವನು. ಆಮೇಲೆ ಬಾಪ್ಪುಟ್ಟಿಯನ್ನು ಎಬ್ಬಿಸಿ ಶೌಚಕ್ಕೆ ಹೋಗಿಬಂದ. ಅರ್ಧ ಗಂಟೆಯಲ್ಲಿ ನಾಲ್ಕು ಸಲ. ಪ್ರತಿ ಸಲವೂ ಬಾಪ್ಪುಟ್ಟಿ ಆ ದೊಡ್ಡ ಮೈಯನ್ನು ಉಸ್ಸೆಂದು ಎತ್ತಬೇಕು, ಪಕ್ಕದ ಸಾಲಿನವರಿಗೆ ಅವನ ಮೊಣಕೈ ತಾಗಬೇಕು, ಗಗನಸಖಿ ಟ್ರಾಲಿ ಹಿಂದಕ್ಕೆ ಎಳೆಯಬೇಕು. ಐದನೆಯ ಸಲ ಆಕೆ, "ಸರ್, ನಿಮಗೆ ಹುಷಾರಿಲ್ವಾ? ದಯವಿಟ್ಟು ಕೂತ್ಕೊಳ್ಳಿ," ಎಂದಳು. ಹಿಂದಿನ ಸಾಲಿನಿಂದ ಯಾರೋ, "ಸಕ್ಕರೆ ಕಾಯಿಲೆ ಇರ್ಬೇಕು, ಈ ವಯಸ್ಸಿಗೇ, ಪಾಪ," ಎಂದರು. ಬಾಪ್ಪುಟ್ಟಿಯ ಹುಬ್ಬು ಮೇಲೇರಿತು. ಹುಡುಗಿಯ ಮನೆತನದ ಆರೋಗ್ಯದ ಬಗ್ಗೆ ಅವನಿಗೂ ಒಂದು ಜವಾಬ್ದಾರಿ ಇತ್ತಲ್ಲ.

ಹಾಗಾಗಿ ಮತ್ತೆ ಏಳುವಂತಿರಲಿಲ್ಲ. ರೆಪ್ಪೆಗಳು ಮರಳಿನ ಚೀಲದ ಹಾಗೆ ಜೋತವು. ಕೊನೆಗೆ ಅಮೃತಾಂಜನದ ಡಬ್ಬಿ ತೆಗೆದು ಕಣ್ಣಿನ ಕೆಳಗೆ ಸವರಿಕೊಂಡ. ಬೆರಳು ಕೊಂಚ ಮೇಲೆ ಹೋಯಿತು.

ಕಣ್ಣೀರು ಧಾರೆಧಾರೆಯಾಗಿ ಇಳಿಯಿತು. ಬೀಯುಮ್ಮ ಬೆಚ್ಚಿದರು. "ಅಯ್ಯೋ, ಈ ಮಗು ಅಳ್ತಿದೆ! ಏನಾಯ್ತು ಮೋನೇ?"

"ಏನಿಲ್ಲ ಉಮ್ಮಾ. ಅಮ್ಮನ ನೆನಪಾಯ್ತು."

ಅಷ್ಟು ಹೇಳಿದ್ದೇ ತಡ, ನಿಜವಾಗಿಯೂ ಅಳು ಬಂತು. ಅಮ್ಮನ ಮಂಡಿನೋವು, ರಂಸೀನಳ ಕನ್ನಡಿ, ಬಿಟ್ಟುಬಂದ ಕುಕ್ಕರ್, ಭಾನುವಾರ ಕಳೆದ ಮೇಲಿನ ಸೋಮವಾರ, ಎಲ್ಲವೂ ಒಟ್ಟಿಗೆ ನುಗ್ಗಿದವು. ಅಮೃತಾಂಜನ ಯಾವುದು, ದುಃಖ ಯಾವುದು ಎಂದು ಅವನಿಗೇ ತಿಳಿಯಲಿಲ್ಲ. ಬೀಯುಮ್ಮ ತಮ್ಮ ಬುತ್ತಿ ಬಿಚ್ಚಿ ಅಕ್ಕಿಯ ಪತ್ತಿರಿ ರೊಟ್ಟಿಯನ್ನು ಮುರಿದು ಅವನ ಬಾಯಿಗಿಟ್ಟರು. ಒಂದಲ್ಲ, ಮೂರು. ಹೊಟ್ಟೆ ತುಂಬಿತು, ಕಣ್ಣು ಉರಿದು ಮುಚ್ಚಿತು. ಒಂದೇ ಒಂದು ನಿಮಿಷ ಎಂದುಕೊಂಡ.

ಚಕ್ರಗಳು ನೆಲಕ್ಕೆ ಬಡಿದ ಸದ್ದಿಗೆ ಎಚ್ಚರವಾಯಿತು.

ಅವನ ತಲೆ ಬಾಪ್ಪುಟ್ಟಿಯ ಹೆಗಲ ಮೇಲಿತ್ತು. ಅಂಗಿಯ ಮೇಲೆ ಅಂಗೈಯಗಲ ಜೊಲ್ಲು. ಎರಡು ತಾಸು ಸತತ ಮಾತಾಡಬಲ್ಲ ಬಾಪ್ಪುಟ್ಟಿ ತುಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು, ಕಂಬದಂತೆ ನೆಟ್ಟಗೆ ಕೂತಿದ್ದ. ಮುಂದಿನ ಸೀಟಿನವನು ತಿರುಗಿ ಸೈದಲವಿಯನ್ನು ನೋಡಿ ತಲೆಯಾಡಿಸಿದ. ಬೀಯುಮ್ಮ ಅವನ ನೆತ್ತಿ ಸವರಿ, "ಎಲ್ಲ ಹುಟ್ಟಿಸಿದವನು ನೋಡ್ಕೊಳ್ತಾನೆ ಮೋನೇ, ಹೆದರ್ಬೇಡ," ಎಂದರು.

ಸೈದಲವಿ ಜೊಲ್ಲು ಒರೆಸಿಕೊಂಡ. ಮುಗೀತು. ಹೇಳಿಬಿಟ್ಟಿದ್ದೇನೆ.

"ಇಕ್ಕಾ... ನಾನು ನಿದ್ದೇಲಿ ಏನಾದ್ರೂ..."

"ಆಮೇಲೆ ಮಾತಾಡೋಣ," ಎಂದು ಹಲ್ಲು ಕಚ್ಚಿ ನುಡಿದ ಬಾಪ್ಪುಟ್ಟಿ, ವಿಮಾನ ನಿಲ್ಲುವ ಮೊದಲೇ ಎದ್ದು, ಗಗನಸಖಿಯ ಕೂಗಿಗೆ ಕಿವಿಗೊಡದೆ, ಬರಿಗಾಲಿಗೆ ಬೂಟು ಸಿಕ್ಕಿಸಿಕೊಂಡು ಜನರನ್ನು ತಳ್ಳುತ್ತ ಬಾಗಿಲಿಗೆ ಧಾವಿಸಿದ. ಕಾಲುಚೀಲಗಳು ಮುಂದಿನ ಸೀಟಿನ ಜೇಬಿನಲ್ಲೇ ಉಳಿದವು.

ಹಾಜಿಗೆ ಹೇಳಲು ಓಡುತ್ತಿದ್ದಾನೆ! ಸೈದಲವಿ ಆ ಕಾಲುಚೀಲಗಳನ್ನು ಎಳೆದುಕೊಂಡು ಹಿಂದೆ ಬಿದ್ದ. ಒಬ್ಬನ ಕಂಬಳಿ ಗಂಟಿಗೆ ಮುಗ್ಗರಿಸಿದ, ಇನ್ನೊಬ್ಬನ ಹೆಗಲ ಚೀಲಕ್ಕೆ ಹಣೆ ಗುದ್ದಿದ. "ಏನ್ರೀ, ಮನೇಲಿ ಬೆಂಕಿ ಬಿದ್ದಿದ್ಯಾ?" ಎಂದು ಒಬ್ಬ ಗದರಿದ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಸಾಲಿನಲ್ಲಿ ಬಾಪ್ಪುಟ್ಟಿ ಎಲ್ಲೂ ಕಾಣಲಿಲ್ಲ.

ಸಿಕ್ಕಿದ್ದು ಸಾಮಾನು ಬರುವ ಪಟ್ಟಿಯ ಬಳಿ. ಕಿವಿಗೆ ಫೋನು. "ಹ್ಞೂಂ ಆಲೀ, ನಿನ್ ಹೊಸ ಬೀಗ ನನ್ ಪಕ್ಕದಲ್ಲೇ ಕೂತಿದ್ದ. ಸೈದಲವಿ. ಅವನ ವಿಷ್ಯ ಒಂದು ಹೇಳ್ಬೇಕು ನಿಂಗೆ..." ಅಷ್ಟರಲ್ಲಿ ತನ್ನ ಪೆಟ್ಟಿಗೆ ಬಂದದ್ದು ಕಂಡು ಬಾಪ್ಪುಟ್ಟಿ ಫೋನನ್ನು ಕಿವಿಯಿಂದ ಇಳಿಸಿ ಬಗ್ಗಿದ.

ಸೈದಲವಿ ಹೋಗಿ ಅವನ ಎರಡೂ ಕೈ ಹಿಡಿದುಕೊಂಡ. ಒಂದು ಕೈಯಲ್ಲಿ ಕಾಲುಚೀಲ ನೇತಾಡುತ್ತಿತ್ತು.

"ಇಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಹಾಜಿಯವರಿಗೆ ಹೇಳ್ಬೇಡಿ. ಭಾನುವಾರದ ತನಕ ಮಾತ್ರ. ವೀಸಾ ಕ್ಯಾನ್ಸಲ್ ಆಗಿದ್ದು ನಿಜ, ಕೆಲಸ ಹೋಗಿದ್ದು ನಿಜ. ಆದ್ರೆ ಅದ್ರಲ್ಲಿ ನನ್ ತಂಗೀದು ಏನ್ ತಪ್ಪಿದೆ? ಬೇರೆ ಕೆಲಸ ಹುಡುಕ್ತೀನಿ ಇಕ್ಕಾ, ಆಣೆಗೂ ಹುಡುಕ್ತೀನಿ."

ಬಾಪ್ಪುಟ್ಟಿ ಬಾಯಿ ತೆರೆದು ನಿಂತ. "ಕ್ಯಾನ್ಸಲ್ಲಾ?"

"ನಾನು ನಿದ್ದೇಲಿ ಹೇಳಿದ್ನಲ್ಲ..."

"ನೀನೆಲ್ಲಿ ಹೇಳ್ದೆ? ಕಲ್ಲು ಬಿದ್ದ ಹಾಗೆ ಬಿದ್ಕೊಂಡಿದ್ದೆ. ಒಂದು ಗೊರಕೆ ಕೂಡ ಇಲ್ಲ. ಅಮ್ಮನ್ ನೆನೆಸ್ಕೊಂಡು ಅತ್ತು ಮಲಗಿದಾನೆ, ಪಾಪ, ಎಬ್ಬಿಸ್ಬಾರ್ದು ಅಂತ ಎರಡು ಗಂಟೆ ನಾನು ಅಲ್ಲಾಡ್ಲಿಲ್ಲ. ಕೈ ಜೋಮು ಹಿಡೀತು. ಒಂದಕ್ಕೆ ಬಂದು ಪ್ರಾಣ ಹೋಗೋ ಹಾಗಿತ್ತು, ಆದ್ರೂ ಏಳ್ಲಿಲ್ಲ. ಇಳಿದವ್ನೇ ಅಲ್ಲಿಗೇ ಓಡಿದ್ದು. ಇಂಥ ತಾಯಿ ಪ್ರೀತಿ ಇರೋ ಮನೆ ಹುಡುಗಿ ಸಿಗೋಕೆ ಪುಣ್ಯ ಮಾಡಿರ್ಬೇಕು ಅಂತ ಆಲಿಗೆ ಹೇಳೋಕೆ ಹೊರಟಿದ್ದೆ."

ಸೈದಲವಿಯ ಕೈಯಿಂದ ಕಾಲುಚೀಲ ಜಾರಿ ತಿರುಗುವ ಪಟ್ಟಿಯ ಮೇಲೆ ಬಿದ್ದು ಮೆಲ್ಲನೆ ದೂರ ಹೊರಟಿತು. ಬಾಪ್ಪುಟ್ಟಿಯ ಮುಷ್ಟಿಯೊಳಗಿನ ಫೋನು ಆಗ ಮಾತಾಡಿತು.

"ಹಲೋ... ಹಲೋ ಬಾಪ್ಪೂ... ಅದೇನು ಕ್ಯಾನ್ಸಲ್ ಅಂದದ್ದು?"

ಬಾಪ್ಪುಟ್ಟಿ ಫೋನನ್ನು ನೋಡಿದ, ಸೈದಲವಿಯನ್ನು ನೋಡಿದ. ಕೆಟ್ಟ ಮನುಷ್ಯನೇನಲ್ಲ ಅವನು, ಕಣ್ಣಲ್ಲಿ ನೀರಿತ್ತು. ಆದರೂ ಎರಡು ಬೆರಳು ಚಾಚಿ ಸೈದಲವಿಯ ಜೇಬಿನಿಂದ ಅಳಿಯನ ಫೋಟೋವನ್ನು ನಾಜೂಕಾಗಿ ಹಿಂದಕ್ಕೆ ತೆಗೆದುಕೊಂಡ.

ಹೊರಗೆ ಕಂಬಿಯ ಆಚೆ ಆಲಿ ಹಾಜಿ ನಿಂತಿದ್ದರು. ಕಿವಿ ಮಂದ, ಹಾಗಾಗಿ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲಿ, ಸುತ್ತಲಿನವರಿಗೆಲ್ಲ ಕೇಳಿಸುವಷ್ಟು ಜೋರು. ಅವರಿಂದ ಎರಡು ಮೊಳ ದೂರದಲ್ಲಿ ಹಫ್ಸತ್. ಹಾಜಿ ಸೈದಲವಿಯ ಮುಖ ನೋಡದೆ, "ಭಾನುವಾರದ್ದು... ಮನೇಲಿ ಒಂದು ಮಾತು ಕೇಳಿ ಫೋನ್ ಮಾಡಿಸ್ತೀನಿ," ಎಂದು ಕಾರಿನ ಕಡೆ ನಡೆದರು. ಬಿರಿಯಾನಿ ತಿಂದು ಹೋದ ಹಿಂದಿನ ಎರಡು ಮನೆಯವರೂ ಇದೇ ಮಾತನ್ನೇ ಹೇಳಿದ್ದರು.

ಬಾಡಿಗೆ ಕಾರು ವಿಮಾನ ನಿಲ್ದಾಣದ ಬೆಟ್ಟ ಇಳಿಯಿತು. ಹಫ್ಸತ್ ಮೆಲ್ಲಗೆ, "ಎರಡು ವಾರ ಆಯ್ತು ನಂಗೆ ಗೊತ್ತಾಗಿ," ಎಂದಳು.

"ಏನು?"

"ಫೋನಿನಲ್ಲಿ ಮಾತಾಡ್ತಾ ಮಾತಾಡ್ತಾ ನಿದ್ದೆ ಹೋಗಿದ್ರಿ. ಏನಾಯ್ತು ನಿಮಗೆ, ಸ್ವರ ಯಾಕೆ ಹಾಗಿದೆ ಅಂತ ಕೇಳ್ದೆ. ಎಲ್ಲ ಹೇಳಿದ್ರಿ. ಗೋದಾಮು, ವೀಸಾ, ಎಲ್ಲ." ಅವಳು ಅವನ ಕಡೆ ತಿರುಗಿದಳು. "ಉಮ್ಮನಿಗೆ ಹೇಳ್ಲಿಲ್ಲ, ರಂಸೀನಂಗೆ ಹೇಳ್ಲಿಲ್ಲ. ನನ್ ತಾಯಿಗೂ ಹೇಳ್ಲಿಲ್ಲ. ನಿದ್ದೇಲಿ ಹೇಳಿದ್ದನ್ನ ನಾನು ಮುಚ್ಚಿಟ್ಟೆ. ಎಚ್ಚರ ಇದ್ಕೊಂಡು ಊರಿಗೆಲ್ಲ ಹೇಳಿದ್ರೆ ಅದನ್ನ ಯಾವುದ್ರಲ್ಲಿ ಮುಚ್ಲಿ?"

ಈಗ ಸೈದಲವಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಹಣೆಯನ್ನು ಗಾಜಿಗೆ ಒರಗಿಸಿ ಕಣ್ಣು ಮುಚ್ಚಿದ. ಮೂರು ದಿನದ ಬಾಕಿ ನಿದ್ದೆ ಇನ್ನೂ ಮುಗಿದಿರಲಿಲ್ಲ.

ಡ್ರೈವರ್ ಕನ್ನಡಿಯಲ್ಲಿ ಅವನನ್ನು ನೋಡಿ ಸಲಿಗೆಯಿಂದ ಕೇಳಿದ. "ಏನಿಕ್ಕಾ, ಲೀವಾ, ಕ್ಯಾನ್ಸಲ್ಲಾ?"

ಸೈದಲವಿಯ ತುಟಿಗಳು ಅಲುಗಿದವು. ಹಫ್ಸತ್ ಗಬಕ್ಕನೆ ಕೈ ಚಾಚಿ ಅವನ ಬಾಯಿ ಮುಚ್ಚಿ ಹಿಡಿದು, "ಲೀವು," ಎಂದಳು.