ಸ್ಟಿಕ್ಕು ಮೊಣಕಾಲ ಕೆಳಗೆ

ಪಿ.ಟಿ. ಮೇಷ್ಟ್ರ ಸೊಂಟ ಹಿಡಿದುಕೊಂಡದ್ದು ಬೆಳಿಗ್ಗೆ ಎಂಟೂವರೆಗೆ. ಸುದ್ದಿ ಶಾಲೆಗೆ ತಲುಪಿದ್ದು ಒಂಬತ್ತಕ್ಕೆ. ಒಂಬತ್ತೂ ಐದಕ್ಕೆಲ್ಲ ಸಂಗೀತ ಮೇಷ್ಟ್ರು ಹೆಡ್‌ಮೇಡಂ ಮುಂದೆ ನಿಂತಿದ್ದರು.

"ಬರೀ ಒಂದು ಪೀರಿಯಡ್ಡು," ಎಂದರು ಹೆಡ್‌ಮೇಡಂ. "ಮೂರನೇ ಕ್ಲಾಸಿಗೆ ಫ್ಲೋರ್ ಹಾಕಿ ಕಲಿಸಿ, ಅದೇ ಹಾಲ್ ಒಳಗೆ ಆಡೋ ಹಾಕಿ ಆಟ. ಇಲಾಖೆ ಸಾಹೇಬರು ಇವತ್ತು ನೋಡೋಕೆ ಬರ್ತಾರೆ. ಆಟ ಕಲಿಸಿದ ಹಾಗೂ ಇರಬೇಕು, ಒಂದು ಮಗುವಿಗೂ ಗೀರು ಬೀಳಬಾರದು."

"ಮೇಡಂ, ನಾನು ಕೊಳಲು ಬಿಟ್ಟು ಬೇರೆ ಕೋಲು ಹಿಡಿದವನಲ್ಲ."

"ಇದೂ ಅದೇ ಥರ. ಸ್ವಲ್ಪ ಉದ್ದ, ತುದಿ ಬಗ್ಗಿರುತ್ತೆ ಅಷ್ಟೆ. ಹೊರಡಿ."

ಸ್ಟಾಫ್‌ರೂಮಿನಲ್ಲಿ ಸಮಾಧಾನ ಸಿಕ್ಕೀತೆಂದು ಹೋದರೆ, ಅಲ್ಲಿ ಗಣಿತದ ಮೇಷ್ಟ್ರು ಆಗಲೇ ಲೆಕ್ಕ ಹಾಕುತ್ತ ಕೂತಿದ್ದರು.

"ಮೂವತ್ತೆರಡು ಮಕ್ಕಳು. ತಲೆಗೆ ಇಪ್ಪತ್ತನಾಲ್ಕು ಅಂದ್ರೂ ಏಳ್ನೂರ ಅರವತ್ತೆಂಟು ಹಲ್ಲು. ಅಷ್ಟಕ್ಕೂ ನೀವೇ ಜವಾಬ್ದಾರಿ."

"ಕಣ್ಣಿನ ಲೆಕ್ಕ ಬಿಟ್ರಲ್ಲ ನೀವು," ಎಂದರು ವಿಜ್ಞಾನದ ಮೇಡಂ, ಸೇಬು ಕಚ್ಚುತ್ತ. "ಹಲ್ಲು ಕಟ್ಟಿಸಬಹುದು. ಕಣ್ಣು ಹೋದ್ರೆ ಹೋಯ್ತು."

ಗುಮಾಸ್ತರಂತೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. "ಅಪಘಾತದ ಫಾರಂ ಅರ್ಧ ತುಂಬಿ ಇಟ್ಟಿದ್ದೀನಿ ಸಾರ್. ತಾರೀಖು, ನಿಮ್ಮ ಹೆಸರು, ಎಲ್ಲ ಹಾಕಿದೆ. ಮಗು ಯಾವುದು, ಗಾಯ ಎಲ್ಲಿ ಅನ್ನೋದು ಮಾತ್ರ ಖಾಲಿ ಬಿಟ್ಟಿದ್ದೀನಿ. ಗಡಿಬಿಡಿಯಲ್ಲಿ ನಿಮಗೆ ಕಷ್ಟ ಆಗಬಾರದು ನೋಡಿ."

ಸಂಗೀತ ಮೇಷ್ಟ್ರು ವರಾಂಡದ ಮೂಲೆಗೆ ಹೋಗಿ ಪಿ.ಟಿ. ಮೇಷ್ಟ್ರಿಗೆ ಫೋನ್ ಮಾಡಿದರು. ಆ ಕಡೆಯಿಂದ ನರಳಾಟದ ನಡುವೆ ಉಪದೇಶ ಬಂತು.

"ನಾಲ್ಕೇ ಮಾತು ನೆನಪಿಡಿ. ಎರಡೂ ಕೈ ಸ್ಟಿಕ್ ಮೇಲಿರಬೇಕು. ಸ್ಟಿಕ್ಕಿನ ತುದಿ ಮೊಣಕಾಲಿಗಿಂತ ಮೇಲೆ ಏಳಬಾರದು. ಒಬ್ಬರಿಗೂ ಇನ್ನೊಬ್ಬರಿಗೂ ಎರಡು ಸ್ಟಿಕ್ಕಿನಷ್ಟು ದೂರ. ಸೀಟಿ ಊದಿದ್ರೆ ಸ್ಟಿಕ್ ನೆಲಕ್ಕೆ. ಅಯ್ಯಪ್ಪಾ... ಇನ್ನೊಂದು. ಬಗ್ಗಿ ತೋರಿಸೋಕೆ ಹೋಗಬೇಡಿ. ನಾನು ಹಾಗೇ ಮಲಗಿದ್ದು."

ದೊಡ್ಡ ಹಾಲ್‌ನಲ್ಲಿ ಹೊಸ ಕೆಂಪು ಪ್ಲಾಸ್ಟಿಕ್ ಸ್ಟಿಕ್ಕುಗಳು ಗೋಡೆಗೆ ಒರಗಿ ನಿಂತಿದ್ದವು. ಅವುಗಳ ಪಕ್ಕ ದಪ್ಪ ಕನ್ನಡಕದ ಒಬ್ಬ ಮನುಷ್ಯ, ಕೈಯಲ್ಲಿ ನೋಟ್‌ಬುಕ್ ಹಿಡಿದು, ಹೆಡ್‌ಮೇಡಂ ಹಾಕಿಸಿದ ಕುರ್ಚಿಯಲ್ಲಿ ಹೆಡ್‌ಮೇಡಂ ಕೊಡಿಸಿದ ಟೀ ಕುಡಿಯುತ್ತ ಕೂತಿದ್ದ. ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಹೆಡ್‌ಮೇಡಂ ಬಾಗಿಲಲ್ಲಿ ನಿಂತು, "ಅವರೇ ಸಾಹೇಬರು," ಎಂದು ಕಣ್ಣಲ್ಲೇ ಹೇಳಿ ಮಾಯವಾದರು.

ಅಷ್ಟರಲ್ಲಿ ಮಕ್ಕಳು ಬಂದರು. ಬಂದರು ಎನ್ನುವುದಕ್ಕಿಂತ ಚೀಲ ಹರಿದು ಗೋಲಿ ಚೆಲ್ಲಿದ ಹಾಗೆ ಹಾಲ್ ತುಂಬ ಹರಡಿದರು ಎನ್ನಬೇಕು. ಕಣ್ಣು ಮಿಟುಕಿಸುವುದರೊಳಗೆ ಸ್ಟಿಕ್ಕುಗಳೆಲ್ಲ ಅವರ ಕೈಯಲ್ಲಿದ್ದವು. ಇಬ್ಬರು ಕತ್ತಿವರಸೆಗೆ ನಿಂತರು. ಒಬ್ಬ ಸ್ಟಿಕ್ಕನ್ನು ಕುದುರೆ ಮಾಡಿಕೊಂಡು ಹೊರಟೇಬಿಟ್ಟ. ಎರಡು ಜಡೆಯ ಹುಡುಗಿ ಸ್ಟಿಕ್ಕನ್ನು ತಲೆಯ ಮೇಲೆತ್ತಿ ಗುರಿ ಹಿಡಿದಳು. ಗುರಿ ಯಾವುದೆಂದು ನೋಡುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ.

ಸೀಟಿ ಬಾಯಿಗಿಟ್ಟು ಊದಿದರು. ನಾಲಿಗೆ ಒಣಗಿ ಮರದ ಚಕ್ಕೆಯಾಗಿತ್ತು. ಬರೀ ಗಾಳಿ ಬಂತು. ಹೆದರಿಕೆಯಲ್ಲಿ ಅವರಿಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದರು. ಗಂಟಲೆತ್ತಿ "ಆ..." ಎಂದು ಉದ್ದಕ್ಕೆ ಸ್ವರ ಹಿಡಿದರು.

ಹಾಲ್ ಗಪ್‌ಚಿಪ್. ಸಂಗೀತದ ಕ್ಲಾಸಿನ ಅಭ್ಯಾಸಬಲದಿಂದ ಮೂವತ್ತೆರಡು ಮಕ್ಕಳೂ ಕೈಲಿದ್ದದ್ದು ಕೆಳಗಿಟ್ಟು ನೆಟ್ಟಗೆ ನಿಂತರು.

ಕನ್ನಡಕದವನು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡ.

'ಮುಗೀತು ನನ್ನ ಕತೆ,' ಎಂದುಕೊಂಡರು ಮೇಷ್ಟ್ರು. 'ಸೀಟಿ ಊದೋಕೂ ಬರಲ್ಲ ಅಂತ ಬರೆದಿರಬೇಕು.'

ಅಲ್ಲಿಂದ ಮುಂದೆ ಅವರು ಆಟ ಕಲಿಸಿದ್ದು ಹಾಲು ತುಂಬಿದ ಪಾತ್ರೆ ಹಿಡಿದು ಮೆಟ್ಟಿಲಿಳಿಯುವವರ ಹಾಗೆ. ನಿಲ್ಲುವ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ವೃತ್ತ ಬರೆದರು. ಒಂದು ಸಲಕ್ಕೆ ಮೂರು ಮಕ್ಕಳ ಎರಡೇ ತಂಡ, ಮಿಕ್ಕವರು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ. ಚೆಂಡು ಸ್ಪಂಜಿನದು. ಆದರೂ ಅದನ್ನು ಮೂರು ಸಲ ತಮ್ಮ ಹಣೆಗೇ ಹೊಡೆದುಕೊಂಡು ನೋಡಿದರು.

"ಹೊಡೆಯೋದಲ್ಲ ಮಕ್ಕಳೇ, ತಳ್ಳೋದು. ಬೆಕ್ಕಿನ ಮರಿ ಮುಂದೆ ಹಾಲಿನ ತಟ್ಟೆ ತಳ್ತೀರಲ್ಲ, ಹಾಗೆ. ಸ್ಟಿಕ್ಕು ಎಲ್ಲಿರಬೇಕು?"

"ಮೊಣಕಾಲ ಕೆಳಗೇ..."

"ಸಾರ್, ಬೀಸಿದ್ರೆ?"

"ಬೀಸಿದ್ರೆ ಗೋಡೆ ಹತ್ರ ಕೂರಬೇಕು."

ಕುದುರೆ ಸವಾರ ನಾಲ್ಕು ಸಲ ಹೋಗಿ ಕೂತು ಬಂದ. ಎರಡು ಜಡೆಯವಳು ಮಾತ್ರ ಎಲ್ಲರಿಗಿಂತ ನಾಜೂಕಾಗಿ ಚೆಂಡು ತಳ್ಳಿ ಗೋಲು ಹೊಡೆದಳು. ಮಕ್ಕಳು ಕುಣಿದರು. ಆ ಗಲಾಟೆಯಲ್ಲಿ ಮೇಷ್ಟ್ರಿಗೂ ಒಂದು ಗಳಿಗೆ ಭಯ ಮರೆತು ತುಟಿ ಅರಳಿತು. ಕನ್ನಡಕದವನು ಅದನ್ನೂ ನೋಡಿ, ಆ ಹುಡುಗಿಯ ಸ್ಟಿಕ್ಕನ್ನೂ ನೋಡಿ ಬರೆದುಕೊಂಡ. ಮಧ್ಯೆ ಎರಡು ಸಲ "ಸಾರ್, ಒಂದು ನಿಮಿಷ," ಎಂದು ಏಳಲು ಹೋದ. ಮೇಷ್ಟ್ರು ಎರಡೂ ಸಲ, "ದಯವಿಟ್ಟು ಮುಗಿಸೋಕೆ ಬಿಡಿ," ಎಂದು ಕೈಮುಗಿದರು.

ಬೆಲ್ಲಿಗೆ ಐದು ನಿಮಿಷ ಇದೆ ಎನ್ನುವಾಗ ಗೋಡೆಯ ಹತ್ತಿರದಿಂದ ಒಂದು ಕೂಗು.

"ಸಾರ್! ಇವನ ಬಾಯಲ್ಲಿ ರಕ್ತ!"

ಕುದುರೆ ಸವಾರ ಎದ್ದು ಬರುತ್ತಿದ್ದ. ಗಲ್ಲದ ಮೇಲೆ ಕೆಂಪು ಗೆರೆ, ಚಾಚಿದ ಅಂಗೈಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪದ ಒಂದು ಹಲ್ಲು. ಕಿಟಕಿಯ ಆಚೆಯಿಂದ ಗಣಿತದ ಮೇಷ್ಟ್ರ ದನಿ ಕೇಳಿಸಿತು: "ಏಳ್ನೂರ ಅರವತ್ತೇಳು!" ಗುಮಾಸ್ತರು ಫಾರಂ ಹಿಡಿದು ಆಗಲೇ ಬಾಗಿಲಲ್ಲಿದ್ದರು.

"ಯಾರು... ಯಾರಪ್ಪ ಹೊಡೆದದ್ದು?" ಮೇಷ್ಟ್ರು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದರು.

"ಯಾರೂ ಇಲ್ಲ ಸಾರ್. ನಾಲ್ಕು ದಿನದಿಂದ ಅಲ್ಲಾಡ್ತಿತ್ತು. ಗೋಡೆ ಹತ್ರ ಕೂತು ಕೂತು ಬೇಜಾರಾಯ್ತು, ಕಿತ್ಕೊಂಡೆ."

ಹುಡುಗ ಖುಷಿಯಲ್ಲಿದ್ದ. ಗುಮಾಸ್ತರು ನಿರಾಸೆಯಿಂದ ಫಾರಂ ಮಡಚಿದರು. ಬೆಲ್ ಹೊಡೆಯಿತು. ಮಕ್ಕಳು ಮುಂದಿನ ಪೀರಿಯಡ್ಡಿನ ಪರೀಕ್ಷೆ ಬರೆಯಲು ಸಾಲಾಗಿ ಹೊರಟರು. ಮೇಷ್ಟ್ರು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಣ್ಣು, ಮೂಗು, ಬೆರಳು ನೋಡಿ ಕಳಿಸಿದರು. ಎಲ್ಲ ಸರಿಯಾಗಿತ್ತು.

ಹೆಡ್‌ಮೇಡಂ ಓಡಿ ಬಂದರು. "ಹೇಗಿತ್ತು ಸಾಹೇಬರೇ ನಮ್ಮ ಮೇಷ್ಟ್ರ ಪಾಠ?"

"ಸಾಹೇಬರಾ?" ಕನ್ನಡಕದವನು ಎದ್ದು ನಿಂತ. "ನಾನು ಸ್ಟಿಕ್ ಮಾಡೋ ಕಂಪನಿಯವನು ಮೇಡಂ. ಈ ಮಾಲಿನಲ್ಲಿ ದೋಷ ಇದೆ, ವಾಪಸ್ ತಗೊಂಡು ಹೋಗೋಕೆ ಬಂದೆ. ಜೋರಾಗಿ ಬೀಸಿದ್ರೆ ತುದಿ ಕಿತ್ಕೊಂಡು ಹಾರುತ್ತೆ. ನೋಡಿ ಬೇಕಾದ್ರೆ."

ಅವನು ಒಂದು ಸ್ಟಿಕ್ ತೆಗೆದು ಬೀಸಿದ. ತುದಿ 'ಸುಯ್ಯ್' ಎಂದು ಹೋಗಿ ಎದುರು ಗೋಡೆಯ ನೋಟಿಸ್ ಬೋರ್ಡಿಗೆ ನಾಟಿಕೊಂಡು ಗಡಗಡ ಅದುರಿತು.

"ಇದನ್ನ ಬಂದ ತಕ್ಷಣ ಹೇಳೋದಲ್ವೇನ್ರೀ?" ಹೆಡ್‌ಮೇಡಂ ಕಿರುಚಿದರು.

"ಬಾಯಿ ತೆಗೆದೆ ಮೇಡಂ. ನೀವು ಟೀ ಕೊಟ್ಟು ಕೂರಿಸಿದ್ರಿ. ಇವರು ಕೈಮುಗಿದು ಕೂರಿಸಿದ್ರು. ಆದ್ರೆ ಇವರು ಸ್ಟಿಕ್ಕು ಮೇಲೇಳೋಕೇ ಬಿಡಲಿಲ್ಲ ನೋಡಿ. ಏನೂ ಆಗಲ್ಲ ಬಿಡು ಅಂತ ಕೂತು ಸ್ಟಿಕ್ಕುಗಳ ನಂಬರ್ ಬರ್ಕೊಂಡೆ."

ಮೇಷ್ಟ್ರು ನೋಟಿಸ್ ಬೋರ್ಡಿನ ಹತ್ತಿರ ಹೋಗಿ ಆ ತುದಿಯನ್ನು ಎಳೆದು ನೋಡಿದರು. ಆಗಬಹುದಾಗಿದ್ದದ್ದೆಲ್ಲ ಕಣ್ಣ ಮುಂದೆ ಒಂದು ಸುತ್ತು ಹಾರಿಹೋಯಿತು. ಆಮೇಲೆ ಮೆಲ್ಲಗೆ ಒಂದು ತಂಪು ಯೋಚನೆ ಬಂತು: ಸ್ಟಿಕ್ಕೇ ಇಲ್ಲ ಎಂದ ಮೇಲೆ ಹಾಕಿಯೂ ಇಲ್ಲ.

"ಹಾಗಾದ್ರೆ ಇವನ್ನೆಲ್ಲ ಒಯ್ದುಬಿಡ್ತೀರಾ?" ಎಂದು ಆಸೆಯಿಂದ ಕೇಳಿದರು.

"ಒಯ್ತೀನಿ. ಬದಲಿಗೆ ಬೇರೆ ತಂದಿದ್ದೀನಿ, ವ್ಯಾನ್‌ನಲ್ಲಿದೆ. ಅಪ್ಪಟ ಮರದ್ದು. ಎಷ್ಟು ಬೀಸಿದ್ರೂ, ಎಲ್ಲಿಗೆ ಬಿದ್ರೂ ಸ್ಟಿಕ್ಕಿಗೆ ಏನೂ ಆಗಲ್ಲ."

ಗುಮಾಸ್ತರು ಏದುಸಿರು ಬಿಡುತ್ತ ಬಂದರು. "ಮೇಡಂ, ಸಾಹೇಬರ ಕಾರು ಗೇಟಿಗೆ ಬಂತು. ನಿಜವಾದ ಸಾಹೇಬರು!"

ಹೆಡ್‌ಮೇಡಂ ಸೆರಗು ಸರಿಮಾಡಿಕೊಂಡು ಮೇಷ್ಟ್ರ ಕಡೆ ತಿರುಗಿದರು. "ಮೂರನೇ ಕ್ಲಾಸು ಪರೀಕ್ಷೆಗೆ ಕೂತಾಯ್ತು. ಈಗ ಖಾಲಿ ಇರೋದು ಒಂದನೇ ಕ್ಲಾಸು ಮಾತ್ರ. ಅವರನ್ನೇ ಕಳಿಸ್ತೀನಿ, ಶುರು ಹಚ್ಚಿಕೊಳ್ಳಿ."

ಎರಡೇ ನಿಮಿಷದಲ್ಲಿ ಕನ್ನಡಕದವನು ಮರದ ಸ್ಟಿಕ್ಕುಗಳನ್ನು ವ್ಯಾನಿನಿಂದ ಇಳಿಸಿ ಬಾಗಿಲ ಹೊರಗೆ ರಾಶಿ ಹಾಕಿದ. ಬಾಗಿಲು ದಢಾರನೆ ತೆರೆಯಿತು. ನಲವತ್ತೆಂಟು ಜನ ಒಳಗೆ ನುಗ್ಗಿದರು. ಅವರಲ್ಲಿ ಎಲ್ಲರಿಗಿಂತ ಕುಳ್ಳಿ, ತನಗಿಂತ ಗೇಣುದ್ದ ಎತ್ತರವಿದ್ದ ಮರದ ಸ್ಟಿಕ್ಕನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಸೀದಾ ಮೇಷ್ಟ್ರ ಹತ್ತಿರ ಬಂದು, ಕತ್ತೆತ್ತಿ, ಬಹಳ ವಿನಯದಿಂದ ಕೇಳಿದಳು:

"ಸಾರ್, ಇದರಲ್ಲಿ ಮೊದಲು ಯಾರಿಗೆ ಹೊಡೀಬೇಕು?"