ಕಡಲೆ ಬೇಯುವಷ್ಟು ಚರಿತ್ರೆ

ನಮ್ಮ ಬೀಗರಿಗೆ ತಲೆ ಕೆಟ್ಟಿಲ್ಲ; ಕುಕ್ಕರ್ ಒಲೆ ಮೇಲಿದ್ದಾಗ ಮಾತ್ರ ಸ್ವಲ್ಪ ಕೆಡುತ್ತದೆ! ಫೋನಿನಲ್ಲಿ ಕನ್ನಡ ಒತ್ತಲು ಕಲಿತ ಮೇಲೆ ನಾನು ಹೇಳುತ್ತಿರುವ ಮೊದಲ ಚಾಡಿ ಇದು.

ಕಂಪ್ಲಿಯ ಈ ಬೀಗರು ನನ್ನ ಮಗಳ ಮಾವ. ಹೊಸಪೇಟೆಯ ನಮ್ಮ ಮನೆಗೆ ಬಂದರೆ 'ಹೂಂ', 'ಸಾಕ್ರಿ', 'ಬಸ್ಸಿಗೆ ಹೊತ್ತಾತು', ಇಷ್ಟೇ ಮಾತು. ಆದರೆ ಕುಕ್ಕರಿಗೆ ಮುಚ್ಚಳ ಬಿತ್ತೋ, ಸೀದಾ ಅಡುಗೆಮನೆಗೆ ನುಗ್ಗಿ ಆವಿಯಂತ್ರದ ಚರಿತ್ರೆ ಶುರು! ಹೊರಗೆ ಹೋಗಿ ಎನ್ನಲು ನನಗೆ ಬಾಯುಂಟೇ? ಬೀಗರಲ್ಲವೇ!

"ಮೊದಲು ಗ್ರೀಕರು ಆವಿಗೆ ತಿರುಗೂ ಒಂದು ಗುಂಡು ಮಾಡಿದ್ರು. ಬರೇ ಆಟಕ್ಕ," ಎನ್ನುತ್ತಾರೆ. ಗ್ಯಾಸ್ ಆರಿಸಿದ ಕೂಡಲೇ, ವಾಕ್ಯ ಅರ್ಧಕ್ಕಿದ್ದರೂ ಸರಿ, ಬಾಯಿ ಬಂದ್! ಹೀಗಾಗಿ ಅನ್ನಕ್ಕಿಟ್ಟ ದಿನ ಚರಿತ್ರೆ ಗ್ರೀಸ್ ದಾಟುವುದಿಲ್ಲ. ಬೇಳೆಗಿಟ್ಟರೆ ಇಂಗ್ಲೆಂಡಿನ ಗಣಿ ತಲುಪುತ್ತದೆ. ರೈಲಿನ ತನಕ ಕೇಳುವ ಆಸೆಯಿಂದ ನಮ್ಮ ಯಜಮಾನರು ಒಮ್ಮೆ ಕಡಲೆ ನೆನೆಹಾಕಿಸಿದರು. ರೈಲು ಬಂತು, ರಾತ್ರಿಯಿಡೀ ಅವರ ಹೊಟ್ಟೆಯಲ್ಲೂ ಒಂದು ಓಡಿತು!

ಹೋದ ವಾರದ್ದು ಮಾತ್ರ ನಗುವ ಮಾತಲ್ಲ. ಹಿಂದೊಮ್ಮೆ ಕಂಪ್ಲಿಯಲ್ಲಿ ಕುಕ್ಕರ್ ಸಿಡಿದು ಬೀಗಿತಿಯ ಕೈ ಸುಟ್ಟಿತ್ತು. ಅಂದಿನಿಂದ ಅವರು ಕುಕ್ಕರ್ ಮುಟ್ಟಿಲ್ಲ. ಈಗ ನನ್ನ ಮಗಳು ಕೆಲಸಕ್ಕೆ ಸೇರುತ್ತಿದ್ದಾಳೆ, ಅಡುಗೆಮನೆ ಅತ್ತೆಯ ಪಾಲಿಗೆ.

"ನಿಮ್ಮ ಮುಂದ ಒಂದ್ಸಲ ನಾನ ಗ್ಯಾಸ್ ಆರಿಸಿದ್ರ ಹೆದ್ರಿಕಿ ಹೋಗ್ತತ್ರಿ," ಎಂದು ಬೀಗಿತಿ ಗಟ್ಟಿ ಮನಸ್ಸು ಮಾಡಿ ನಮ್ಮ ಮನೆಗೆ ಬಂದಿದ್ದರು. ಬೇಳೆ ಇಟ್ಟೆ. ಬೀಗರು ಹಾಜರ್!

"ಫ್ರಾನ್ಸಿನವ ಒಬ್ಬ ಎಲುಬು ಮೆತ್ತಗ ಬೇಯಿಸಾಕ ಇಂಥಾದ್ದೊಂದು ಗಡಿಗಿ ಮಾಡಿದ. ಸಿಡೀಬಾರ್ದಂತ ಮ್ಯಾಲೊಂದು ತೂಕ ಇಟ್ಟ. ಆವಿಯಂತ್ರಕ್ಕ ಮುತ್ತಜ್ಜ ಅದು!"

"ನಮ್ಮನ್ಯಾಗ ಎಲುಬು ಬ್ಯಾಡ್ರಿ ಬೀಗರ, ಬೇಳಿ ಸಾಕು," ಎಂದೆ.

ಅವರಿಗೆ ಕೇಳಿಸಿದರೆ ತಾನೆ! "ಆಮ್ಯಾಲ ಗಣ್ಯಾಗ ನೀರು ತುಂಬಿತು. ಎತ್ತಾಕ ದೊಡ್ಡ ಕೊಳವಿಗೆ ಆವಿ ಬಿಟ್ರು, ತಣ್ಣೀರು ಹೊಡದ್ರು..."

ಚರಿತ್ರೆ ಗಣಿಗೆ ಬಂದರೂ ಸೀಟಿ ಬರಲಿಲ್ಲ. ತೂತಿನಲ್ಲಿ ಬೇಳೆ ಸಿಕ್ಕಿತ್ತೋ ಏನೋ! ಮುಚ್ಚಳದ ಅಂಚಿನಿಂದ ಸುಂಯ್ ಎಂದು ಹಬೆ ಎದ್ದಿತು. ಕುಕ್ಕರ್ ನಡುಗತೊಡಗಿತು. ನಾನು ಕೈ ಚಾಚಿದೆ.

"ತಡೀರಿ, ನಾನ ಆರಿಸ್ತೀನಿ," ಎಂದರು ಬೀಗಿತಿ. ಅಂದರೇ ಹೊರತು ಕಾಲು ಏಳಲಿಲ್ಲ.

ಬೀಗರು ಸರಕ್ಕನೆ ನಡುವೆ ಬಂದು ನಿಂತರು. ಬೆನ್ನು ಒಲೆಗೆ, ಮುಖ ಹೆಂಡತಿಗೆ. "ತಣ್ಣೀರು ಹೊಡದ್ರು... ತಣ್ಣೀರು ಹೊಡದ್ರು..." ಬಾಯಿಪಾಠವಾಗಿದ್ದ ಚರಿತ್ರೆ ಮುಂದಕ್ಕೇ ಹೋಗದು! ನನಗೆ ನಗು ಬರಲಿಲ್ಲ.

ಬೀಗಿತಿ ಕಣ್ಣು ಮುಚ್ಚಿದರು. ಗಂಡನ ಪಕ್ಕೆಯ ಸಂದಿನಿಂದ ಕೈ ತೂರಿಸಿ, ತಡವರಿಸಿ, ಗ್ಯಾಸ್ ಆರಿಸಿಬಿಟ್ಟರು. ಹಬೆಯ ಸದ್ದು ಇಳಿಯುವ ತನಕ ಯಾರೂ ಅಲುಗಲಿಲ್ಲ.

"ಆರಿಸಿದ್ನಿರಿ," ಎಂದರು ಬೀಗಿತಿ, ತಮಗೇ ನಂಬಿಕೆಯಿಲ್ಲದವರಂತೆ. ಆಮೇಲೆ ಗಂಡನನ್ನು ನೋಡಿ, "ನೀವ್ಯಾಕ ಹಿಂಗ ನಡುಗಾಕತ್ತೀರಿ?"

"ಅವತ್ತು ನಿನ್ನ ಕೈ ಸುಟ್ಟಾಗ," ಎಂದರು ಬೀಗರು, "ನಾ ಪಡಸಾಲ್ಯಾಗ ಕುಂತಿದ್ದೆ."

ಬೀಗಿತಿ, ನಾನಲ್ಲಿ ನಿಂತಿದ್ದೇನೆ ಎಂಬುದನ್ನೂ ಮರೆತು, ಸೆರಗು ಎಳೆದು ಅವರ ಹಣೆಯ ಬೆವರು ಒರೆಸಿದರು.

ನಾನು ಕೊತ್ತಂಬರಿ ತೊಳೆಯಲು ನಲ್ಲಿಯತ್ತ ತಿರುಗಿಕೊಂಡೆ. ಅದನ್ನು ಆಗಲೇ ತೊಳೆದಾಗಿತ್ತು.