ವಿಷಕ್ಕೆ ಮಾವನ ಎಲೆ ಲೆಕ್ಕ

ನಮ್ಮ ಸೋದರಮಾವ ವಿಷವನ್ನು ವೀಳ್ಯದೆಲೆಯಲ್ಲಿ ಅಳೆಯುತ್ತಿದ್ದರು. ನಗಬೇಡಿ. ನಲವತ್ತೆಂಟರಲ್ಲಿ ನಿಜಾಮರ ಮೇಲೆ ಪೊಲೀಸ್ ಕಾರ್ಯಾಚರಣೆಯ ಸೈನ್ಯ ಬರುವ ಹಿಂದಿನ ದಿನವೂ ಅಳೆದಿದ್ದಾರೆ.

ನಾರಾಯಣಪೇಟೆಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವುದು ನಮ್ಮ ಕಸುಬು. ತೇಜಾಬು, ಅಂದರೆ ಆಸಿಡ್, ಕೋಣೆಯೊಳಗೆ ಇರುತ್ತಿತ್ತು. ನೂಲು ಬೆಳ್ಳಗಾಗಿಸುವ ಪುಡಿಯ ಮರದ ತೊಟ್ಟಿ ಹಿತ್ತಲ ಬೇವಿನ ಕೆಳಗೆ. ಮಾವನ ಕಾನೂನು ಸರಳ: ತೇಜಾಬಿನ ಹತ್ತಿರ ಒಂದು ಎಲೆ ಜಗಿದು ಮುಗಿಯುವಷ್ಟು ಹೊತ್ತು, ತೊಟ್ಟಿಯ ಹತ್ತಿರ ಎರಡು ಎಲೆಯಷ್ಟು. ಆಮೇಲೆ ಗಾಳಿಗೆ ಬರಲೇಬೇಕು.

ಒಮ್ಮೆ ನಿಜಾಮ ಸರ್ಕಾರದ ದರೋಗಾ ತಪಾಸಣೆಗೆ ಬಂದರು. ಮಾವ ಎಲೆ ಕೊಟ್ಟರು. ಅವರು ಅದನ್ನು ಮರ್ಯಾದೆ ಅಂದುಕೊಂಡು, ಜಗಿಯುತ್ತ ತೇಜಾಬಿನ ಮುಂದೆ ನಿಂತು ಕಾಯ್ದೆ ಹೇಳತೊಡಗಿದರು. ಮಾವ ನಡುವೆಯೇ ಶೇರವಾನಿಯ ತೋಳು ಹಿಡಿದು ಅಂಗಳಕ್ಕೆ ಎಳೆದರು.

"ಸಾಹೇಬ್ರ, ನಿಮ್ಮ ಎಲಿ ಮುಗೀತ್ರಿ."

"ಅರೆ, ಮಾತು ಮುಗ್ದಿಲ್ಲಲ್ಲ?"

"ಮಾತಿಗೆ ಎಷ್ಟು ಎಲಿ ಅಂತ ನನಗಿನ್ನಾ ಗೊತ್ತಾಗಿಲ್ರಿ."

ಸೈನ್ಯ ಬರುವ ಹಿಂದಿನ ದಿನ ನಾನು ಸುಮ್ಮನೆ ಕೇಳಿದೆ. "ತೇಜಾಬು, ಪುಡಿ ಎರಡೂ ಒಂದ ಕೋಣ್ಯಾಗ ಇದ್ರ ಎಷ್ಟು ಎಲಿ ಮಾವ? ಮೂರೇನು?"

"ಇಬ್ರು ಹೆಂಡ್ರಿದ್ದ ಮನ್ಯಾಗ ಸುಖ ಎರಡು ಪಟ್ಟು ಆಗ್ತೈತೇನು?"

ಒಲೆಯ ಮುಂದಿದ್ದ ಅತ್ತೆ ತಿರುಗಿ ನೋಡಲಿಲ್ಲ. "ಒಬ್ಬಾಕಿನ್ನ ಸಂಭಾಳಿಸಾಕ ಆಗವಲ್ದು, ಇವ್ರಿಗೆ ಇಬ್ರ ಲೆಕ್ಕ ಬೇಕಂತ."

"ಹಂಗಾರ ಒಂದಾ? ಅರ್ಧಾನಾ?" ನಾನು ಬಿಡಲಿಲ್ಲ.

ಮಾವ ಎಲೆಗೆ ಸುಣ್ಣ ಹಚ್ಚಿದರು. "ವಿಚಾರ ಮಾಡಿ ನಾಳಿಗೆ ಹೇಳ್ತೀನಿ."

ಮರುದಿನ ಮಕ್ತಲದ ಕಡೆಯಿಂದ ಸುದ್ದಿ ಬಂತು, ಸೈನ್ಯ ಬರುತ್ತಿದೆ ಎಂದು. ಯಾರಿಗೆ ಹೆದರಬೇಕು, ಯಾರನ್ನು ಎದುರುಗೊಳ್ಳಬೇಕು, ನಮಗೆ ಒಂದೂ ತಿಳಿಯಲಿಲ್ಲ. ಲೂಟಿಯಾದೀತೆಂಬ ಗಾಬರಿಯಲ್ಲಿ ನಾನೇ ಹಿತ್ತಲ ತೊಟ್ಟಿಯನ್ನು ಕೋಣೆಯೊಳಗೆ ಎಳೆದು ಬಾಗಿಲು ಹಾಕಿದೆ. ಮೂಲೆಗೆ ತಳ್ಳುವಾಗ ತೊಟ್ಟಿ ತಗುಲಿ ತೇಜಾಬಿನ ಜಾಡಿ ಒಡೆದು ಅದರೊಳಗೇ ಸುರಿಯಿತು. ಹಳದಿ ಹೊಗೆ ಎದ್ದಿತು. ಉಸಿರು ನಿಂತಂತಾಯಿತು.

ಮಾವ ನನ್ನ ತೋಳು ಹಿಡಿದು ಅಂಗಳಕ್ಕೆ ಎಳೆದು ಹಾಕಿದರು. ಅತ್ತೆ ಇನ್ನೂ ಕೋಣೆ ದಾಟಿಯೇ ಹೋಗಬೇಕಾದ ಒಲೆಯ ಹತ್ತಿರ ಇದ್ದರು. ಅವರನ್ನು ತರಲು ಮಾವ ಮತ್ತೆ ಹೊಗೆಯೊಳಗೆ ಹೋದರು. ಬಾಯಲ್ಲಿ ಎಲೆ ಇರಲಿಲ್ಲ.

ಅತ್ತೆ ಉಳಿದರು. ಮೂರನೆಯ ದಿನ ಊರಲ್ಲಿ ಹೊಸ ಬಾವುಟ ಹಾರುತ್ತಿದ್ದಾಗ ಮಾವ ಕೆಮ್ಮುತ್ತಲೇ ತೀರಿಕೊಂಡರು.

ಈಗಲೂ ಅತ್ತೆ ಕೈಗೆ ಎಲೆ ಕೊಟ್ಟೇ ನನ್ನನ್ನು ಒಳಗೆ ಕಳಿಸುತ್ತಾರೆ. ಜಗಿಯುತ್ತ ಕೆಲಸ ಮಾಡುತ್ತೇನೆ. ಮುಗಿಯಿತೆಂದು ತೋಳು ಹಿಡಿದು ಎಳೆಯುವ ಕೈ ಇಲ್ಲ.